ಏರು ಹತ್ತಿದ ನೀರು

ಪೋಸ್ಟರಿನಿಂದ ಬೋರಯ್ಯನ ಹೆಸರನ್ನು ತೆಗೆದಿದ್ದರು. ಲೇಖಕರ ಸಾಲಿನಲ್ಲಿ ಲತಾಮಣಿ ಮೂರನೆಯದಾಗಿ ಬರೆದಿದ್ದ ಆ ಹೆಸರಿನ ಜಾಗದಲ್ಲಿ ಈಗ ಅವಳ ಜೊತೆ ಓದುವ ಸುಶ್ರುತನ ಹೆಸರಿತ್ತು.

ಜಯನಗರ ನಾಲ್ಕನೇ ಬ್ಲಾಕಿನ ಪ್ರಿಂಟಿಂಗ್ ಅಂಗಡಿಯಲ್ಲಿ, ಕೆಂಪರಾಜುವಿನ ಕಂಪ್ಯೂಟರ್ ಮುಂದೆ ನಿಂತು ಅವಳು ಆ ಸಾಲನ್ನು ಎರಡು ಸಲ ಓದಿದಳು. ನಾಳೆ ಬೆಳಿಗ್ಗೆ ಸಮ್ಮೇಳನ. ಅವಳ ಸಂಶೋಧನೆಯ ಗೈಡ್ ಹಂಸಾ ಮೇಡಂ ಕೊನೆಯ ಫೈಲನ್ನು ನೇರ ಅಂಗಡಿಗೇ ಕಳಿಸಿದ್ದರು. ಪಕ್ಕದ ಸ್ಟೂಲಿನ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದವನು ಬೋರಯ್ಯ, ಅವಳ ತಾತ. ಪೋಸ್ಟರಿನಲ್ಲಿ ತನ್ನ ಹೆಸರು ಬರುತ್ತದಂತೆ ಎಂದು ಹುಳಿಮಾವಿನಿಂದ ಮೊಮ್ಮಗಳ ಜೊತೆ ಬಸ್ಸು ಹತ್ತಿ ಬಂದಿದ್ದ.

ಅವನು ಹುಳಿಮಾವು ಕೆರೆಯ ಕೊನೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವನು. ಎತ್ತುವ ಮುಂಚೆ ಏರಿಯ ಮೇಲೆ ನಿಂತು ಗದ್ದೆಯವರ ಹೆಸರನ್ನು ಒಂದೊಂದಾಗಿ ಕೂಗುವನು. ಆ ಕಡೆಯಿಂದ ಓ ಎಂದ ಮೇಲೆಯೇ ನೀರು. ಅವನಿಗೆ ಅಂತ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಹಾಗಾಗಿ ಆ ಏರಿಯ ಮೇಲೆ ಅವನ ಹೆಸರನ್ನು ಯಾರೂ ಕೂಗಿದ್ದಿಲ್ಲ. ಗದ್ದೆಗಳು ಅಪಾರ್ಟ್‌ಮೆಂಟುಗಳಾದವು, ಯಾವ ಬೇಸ್‌ಮೆಂಟಿನ ಕೆಳಗೆ ಯಾವ ಕಾಲುವೆ ಮಲಗಿದೆ ಎನ್ನುವುದು ಅವನೊಬ್ಬನ ತಲೆಯಲ್ಲಿ ಉಳಿಯಿತು. ಎರಡು ವರ್ಷ ಅವನ ಹಿಂದೆ ಬಿಸಿಲಲ್ಲಿ ಅಲೆದು ಲತಾಮಣಿ ಹನ್ನೊಂದು ಕಾಲುವೆಗಳ ನಕ್ಷೆ ಮಾಡಿದ್ದಳು.

"ನನ್ ಹೆಸ್ರು ಎಲ್ಲೈತವ್ವಾ?" ಬೋರಯ್ಯನಿಗೆ ಓದಲು ಬಾರದು. ಮುಟ್ಟಿ ನೋಡಲು ಬೆರಳು ಚಾಚಿಕೊಂಡು ಕಾದ.

"ಇರು ತಾತ," ಎಂದು ಅವಳು ಮೇಡಂಗೆ ಫೋನ್ ಮಾಡಿದಳು.

"ಓ, ಅದಾ? ಫಾರ್ಮಲ್ಲಿ ಪ್ರತಿ ಲೇಖಕರಿಗೂ ಒಂದು ಸಂಸ್ಥೆ ತೋರಿಸ್ಬೇಕಮ್ಮ. ನಿಮ್ ತಾತಂಗೆ ಯಾವ ಸಂಸ್ಥೆ ಅಂತ ಹಾಕ್ಲಿ?"

"ಹುಳಿಮಾವು ಕೆರೆ ಅಂತ ಹಾಕಿ, ಮೇಡಂ."

ಮೇಡಂ ನಕ್ಕರು. "ಚೆನ್ನಾಗಿದೆ! ಕೆಳಗಡೆ ಕೃತಜ್ಞತೆಯಲ್ಲಿ 'ಸ್ಥಳೀಯ ಮಾಹಿತಿದಾರರು' ಅಂತ ಹಾಕಿದೀನಲ್ಲ, ಅದ್ರಲ್ಲಿ ಅವ್ರೂ ಬಂದ್ರು ಬಿಡು."

"ಸುಶ್ರುತ ಒಂದ್ಸಲನಾದ್ರೂ ಕೆರೆ ನೋಡಿದಾನಾ, ಮೇಡಂ?"

"ನೋಡ್ಲೇಬೇಕು ಅಂತೇನಿದೆ? ನಿನ್ ನಕ್ಷೇನ ಎಷ್ಟು ನೀಟಾಗಿ ಮಾಡಿದಾನೆ ನೋಡು, ಬಣ್ಣ ಏನು, ಬಾಣ ಏನು. ಟಾಕೂ ಅವ್ನೇ ಕೊಡ್ಲಿ. ನೀನು ಪೋಸ್ಟರ್ ಹತ್ರ ನಿಂತ್ಕೋ. ನಿಂಗೆ ಸ್ಟೇಜ್ ಫಿಯರ್ ಅಲ್ವಾ?"

ತನಗೆ ಸ್ಟೇಜ್ ಫಿಯರ್ ಇದೆಯೆಂದು ಲತಾಮಣಿಗೆ ಗೊತ್ತಾದದ್ದು ಆಗಲೇ.

ಅಷ್ಟರಲ್ಲಿ ಬೋರಯ್ಯ ಸ್ಟೂಲಿನಿಂದ ಎದ್ದು ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ್ದ. "ಈ ಬಾಣ ಅಂದ್ರೆ ನೀರು ಓಗೋ ದಾರಿ ತಾನೆ?"

"ಹೂಂ, ಯಜಮಾನ್ರೆ," ಎಂದ ಕೆಂಪರಾಜು.

"ಮತ್ತೆ ಇದ್ಯಾವನಪ್ಪ ನೀರ್ನ ಏರು ಹತ್ಸಿರೋನು? ಗದ್ದೆಯಿಂದ ಕೆರೆಗೆ ಓಯ್ತಾ ಐತಲ್ಲ!"

ಕೆಂಪರಾಜು ಕಿಸಕ್ಕನೆ ನಕ್ಕ. ಲತಾಮಣಿ ನೋಡಿದಳು. ತಾತ ಹೇಳಿದ ಹಾಗೆ ಅವಳು ಕೆರೆಯನ್ನು ಮೇಲೆ ಬರೆದಿದ್ದಳು. ನೀರು ಅಲ್ಲಿಂದ ಕೆಳಗಿಳಿಯುತ್ತಿತ್ತು. ಪುಸ್ತಕದ ನಕ್ಷೆಗಳ ಹಾಗೆ ಉತ್ತರ ದಿಕ್ಕು ಮೇಲೆ ಬರಲಿ ಎಂದು ಸುಶ್ರುತ ಅದನ್ನು ತಲೆಕೆಳಗು ಮಾಡಿದ್ದ. ಕೆರೆ ಕೆಳಗೆ ಬಂದಿತ್ತು. ಬಾಣಗಳು ಮಾತ್ರ ಮೊದಲಿನಂತೆಯೇ ಕೆಳಮುಖವಾಗಿದ್ದವು.

ಅವಳು ಫೋನಿನಲ್ಲಿ ಅದನ್ನೇ ಹೇಳಿದಳು.

"ಅಯ್ಯಯ್ಯೋ, ಟಾಕಲ್ಲೂ ಇದೇ ನಕ್ಷೆ! ಲತಾ, ಸುಶ್ರುತಂಗೆ ಇದು ಆಗಲ್ಲ, ಅಡ್ಡ ಕಾಲುವೆಗಳು ಬೇರೆ ಇವೆ. ನಿಮ್ ತಾತ ಅಲ್ಲೇ ಇದಾರಲ್ಲ? ಒಂದೊಂದೂ ಅವ್ರನ್ನ ಕೇಳಿ ಸರಿಮಾಡಿ, ಪ್ರಿಂಟ್ ತಗೊಂಡ್ಬಿಡು. ಹೆಸರಿನ ಸಾಲು ಮಾತ್ರ ಮುಟ್ಬೇಡ."

ಲತಾಮಣಿ ಫೋನನ್ನು ಸ್ಪೀಕರಿಗೆ ಹಾಕಿ ಕೀಬೋರ್ಡಿನ ಪಕ್ಕ ಇಟ್ಟಳು. "ತಾತ, ನಿನ್ ಹೆಸ್ರು ಇಲ್ಲಿಲ್ಲ. ತೆಗ್ದವ್ರೆ. ನೀರು ಯಾವ ಕಡೆ ಓಗ್ತಿತ್ತು ಅಂತ ಮಾತ್ರ ನಿನ್ನ ಕೇಳ್ಬೇಕಂತೆ."

ಬೋರಯ್ಯನ ಚಾಚಿದ ಬೆರಳು ನಿಧಾನವಾಗಿ ಮಡಚಿಕೊಂಡಿತು. ಇಂಥದ್ದು ಅವನಿಗೆ ಹೊಸದಲ್ಲ. "ಓಗ್ಲಿ ಬುಡವ್ವಾ," ಎಂದ. "ಯೋಳ್ತೀನಿ, ಬರ್ಕೊ. ನೀರು ದಾರಿ ತಪ್ಬಾರ್ದು."

"ಬೇಡ. ಬಾಯಿ ಬಿಡ್ಬೇಡ ನೀನು."

"ಅಕ್ಕ, ಹಾಗಾದ್ರೆ ಇದ್ದ ಹಾಗೇ ಪ್ರಿಂಟ್ ಕೊಡ್ಲಾ?" ಕೆಂಪರಾಜು ಮೌಸಿನ ಮೇಲೆ ಕೈಯಿಟ್ಟು ಕೇಳಿದ.

"ನಕ್ಷೆ ನಂದು. ಹೀಗೆ ಪ್ರಿಂಟ್ ಆಗ್ಬಾರ್ದು, ಅಣ್ಣ. ಕೈ ತೆಗೀರಿ."

ಕೆಂಪರಾಜು ಫೋನನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿ ಕೈ ತೆಗೆದ.

"ಲತಾ!" ಮೇಡಂ ದನಿ ಏರಿತು. "ನಿನ್ ಥೀಸಿಸ್‌ಗೆ ಸಹಿ ಹಾಕ್ಬೇಕಾದೋಳು ನಾನು, ನೆನಪಿರ್ಲಿ. ಸುಮ್ನೆ ಬಾಣ ತಿರುಗ್ಸು."

ಪರದೆಯ ಮೇಲೆ ಹನ್ನೊಂದು ಕಾಲುವೆಗಳ ನೀರೂ ಏರು ಹತ್ತುತ್ತಲೇ ಇತ್ತು.

"ತಿರುಗ್ಸಲ್ಲ, ಮೇಡಂ. ಹೆಸರು ಕೂಗ್ದೆ ನಮ್ ತಾತ ಒಂದಿನಾನೂ ನೀರು ಬಿಟ್ಟಿಲ್ಲ. ನಾನೂ ಬಿಡಲ್ಲ."