ಮೇಸ್ತ್ರಿಯ ಪಾಲಿನ ಅರ್ಥ

ಸೊರಗುತ್ತಿದ್ದ ಇಂಗ್ಲಿಷಿನ ಅರ್ಥಗಳನ್ನು ಊರೂರಿಗೆ ಹಂಚಿ ಸಾಕಲು ಕೊಟ್ಟಾಗ, ‘ಸೆಟ್’ ಎಂಬ ಕ್ರಿಯಾಪದದ ನಾನೂರು ಚಿಲ್ಲರೆ ಅರ್ಥಗಳಲ್ಲಿ ಒಂದು ಮಾಲೂರಿನ ಗಾರೆ ಮೇಸ್ತ್ರಿ ಮುನಿವೆಂಕಟಪ್ಪನ ಪಾಲಿಗೆ ಬಂದಿತ್ತು: ಸಿಮೆಂಟು ಗಟ್ಟಿಯಾಗುವುದು. ವರ್ಷಕ್ಕೊಮ್ಮೆ ತಪಾಸಣೆ. ಅಧಿಕಾರಿಯ ಎದುರು, ಮಧ್ಯಾಹ್ನ ಹನ್ನೆರಡರೊಳಗೆ, ಕೆಲಸದ ನಡುವೆ ಆ ಮಾತು ತಾನಾಗಿ ಬರಬೇಕು. ಬಾರದಿದ್ದರೆ ಅರ್ಥ ರದ್ದು. ಸೂರ್ಯ ಮುಳುಗುವ ಅರ್ಥ ಹೋದ ವರ್ಷ ಹಾಗೆಯೇ ಹೋಯಿತು. ಈಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಸೂರ್ಯ ಹುಟ್ಟುತ್ತಾನೆ, ಅಷ್ಟೇ.

ಅಧಿಕಾರಿ ವಿಮಲಾಕ್ಷಿ ಬೆಳಿಗ್ಗೆಯಿಂದ ಇಟ್ಟಿಗೆ ರಾಶಿಯ ಮೇಲೆ ಕೂತಿದ್ದರು. ಮುನಿವೆಂಕಟಪ್ಪ ಹೆದರಿ, ತುಟಿ ಬಿಚ್ಚದೆ ನೆಲಕ್ಕೆ ಗಾರೆ ಎಳೆಯುತ್ತಿದ್ದ.

“ದಿನಕ್ಕೆ ನೂರು ಸಲ ಅಂತೀಯ. ಇವತ್ತೇನು, ಬಾಯಿಗೂ ಗಾರೆ ಮೆತ್ಕೊಂಡಿದೀಯಾ?” ಎಂದಳು ಸಿಮೆಂಟು ಕಲಸುತ್ತಿದ್ದ ಹೆಂಡತಿ ನಾರಾಯಣಮ್ಮ.

“ನೆನಪಿಸೋ ಹಾಗಿಲ್ಲಮ್ಮ,” ಎಂದರು ವಿಮಲಾಕ್ಷಿ.

ಹನ್ನೆರಡಕ್ಕೆ ಒಂದು ನಿಮಿಷವಿದ್ದಾಗ ಅವರು ನಿಟ್ಟುಸಿರಿಟ್ಟು, ರದ್ದತಿಯ ಕಾಗದ ಹಿಡಿದು ಅವನತ್ತ ನಡೆದರು.

“ಮೇಡಂ, ಅಲ್ಲೇ ನಿಂತ್ಕೊಳ್ಳಿ. ಕಾಲಿಡಬೇಡಿ, ಅದಿನ್ನೂ ಸೆಟ್ ಆಗಿಲ್ಲ,” ಎಂದು ಕೂಗಿದ ಮುನಿವೆಂಕಟಪ್ಪ.

ವಿಮಲಾಕ್ಷಿ ಒಂದು ಪಾದ ಹೂತಲ್ಲೇ ನಿಂತು, ಆ ಕಾಗದವನ್ನು ಹರಿದು, ಮುಂದುವರಿಕೆಯ ಪತ್ರಕ್ಕೆ ನಗುತ್ತ ಸಹಿ ಹಾಕಿದರು. ನಾರಾಯಣಮ್ಮ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡಳು. ಮೇಸ್ತ್ರಿಯ ಕಣ್ಣೆಲ್ಲ ನೆಲದ ಮೇಲಿತ್ತು.

“ಮೆಲ್ಲಗೆ ಕಾಲೆತ್ತಿ ಮೇಡಂ,” ಎನ್ನುತ್ತ ಗಾರೆ ಸವರಲು ಕರಣಿ ಹಿಡಿದು ಕುಕ್ಕರುಗಾಲಲ್ಲಿ ಕೂತ.