ಹಗ್ಗದ ಮೇಲಿನ ಚೇಳು

"ಅಕ್ಕಾ, ಹಗ್ಗ ಅಲ್ಲಾಡಿಸ್ಬೇಡ!" ಎಂದು ತಂಗಿ ಮರದ ಮೇಲಿನಿಂದ ಪಿಸುಗುಟ್ಟಿದಾಗ ಅಕ್ಕನ ಕಾಲಿಗೆ ಕೆಂಜಿರುವೆಗಳು ಮುತ್ತಿದ್ದವು. ಕೊಂಬೆಯಲ್ಲಿ ಕುಳಿತ ತಂಗಿ ಜಾರಿ ಬೀಳದಂತೆ ಕಟ್ಟಿದ್ದ ಹಗ್ಗ, ಕವಲಿನ ಮೇಲಿಂದ ಇಳಿದು ಅಕ್ಕನ ಸೊಂಟಕ್ಕೆ ಬಿಗಿದಿತ್ತು. ತನ್ನ ಭಾರದ ಮೈ ಕೊನೆಗೂ ಒಂದು ಉಪಯೋಗಕ್ಕೆ ಬಂತೆಂದು ನಗುತ್ತಲೇ ಅವಳು ಅದನ್ನು ಕಟ್ಟಿಸಿಕೊಂಡಿದ್ದಳು.

"ಏನೇ ಅದು?"

"ಚೇಳು. ಬೆನ್ನ ತುಂಬ ಮರಿಗಳು. ನಿನ್ನ ಹಗ್ಗದ ಮೇಲೆ ಹಾದು ಆಚೆ ಕೊಂಬೆಗೆ ಹೋಗ್ತಾ ಇದೆ. ಅಲ್ಲಾಡಿದ್ರೆ ಮರಿಗಳೆಲ್ಲ ಉದುರಿಹೋಗ್ತವೆ."

ಅಕ್ಕ ತಲೆಯೆತ್ತಿದಳು. ಕತ್ತಲಲ್ಲಿ ಚೇಳಿನ ಮೈ ಹೊಳೆಯುವಂತೆ ಮಾಡುವ ತಂಗಿಯ ನೇರಳೆ ದೀಪದ ಬೆಳಕಿಗೆ ಹಗ್ಗದ ಮೇಲೆ ಹಸಿರಾಗಿ ಏನೋ ಹೊಳೆಯುತ್ತಿತ್ತು. ಈ ಕಾಡಿನ ಚೇಳುಗಳು ಮರಿ ಹೊತ್ತು ಮರವೇರುತ್ತವೆ ಎಂದು ತಂಗಿ ಹೇಳಿದಾಗ ಅವಳ ಜೊತೆಯ ಸಂಶೋಧಕರೆಲ್ಲ ನಕ್ಕಿದ್ದರು. ಅದು ಕ್ಯಾಮೆರಾಕ್ಕೆ ಸಿಗುತ್ತಿದ್ದದ್ದು ಇದೇ ಮೊದಲು. ಅಕ್ಕನಿಗೋ ಚೇಳೆಂದರೆ ಜೀವ ಬಾಯಿಗೆ ಬರುತ್ತಿತ್ತು. "ಕಂಡ್ರೆ ಚಪ್ಪಲೀಲಿ ಜಜ್ಜಿಬಿಡ್ತೀನಿ, ಆಮೇಲೆ ಅಳಬೇಡ" ಎಂದು ಹೇಳಿಯೇ ಜೊತೆಗೆ ಬಂದಿದ್ದಳು.

ಇರುವೆಗಳು ಮೊಣಕಾಲು ದಾಟಿ ಮೇಲೇರಿದವು. ಅಕ್ಕ ಹಲ್ಲು ಕಚ್ಚಿ ಕಂಬದಂತೆ ನಿಂತಳು. ಕೆರೆದುಕೊಳ್ಳಲು ಕೈ ಚಾಚಲಿಲ್ಲ, ಕಾಲು ಕೊಡವಲಿಲ್ಲ, ಉಸಿರನ್ನೂ ಮೆಲ್ಲಗೆ ಬಿಟ್ಟಳು. ಕಣ್ಣಲ್ಲಿ ನೀರು ತುಂಬಿ ಹಸಿರು ಹೊಳಪು ಮಸುಕಾಯಿತು.

"ಸಾಕಕ್ಕಾ, ವಿಡಿಯೋ ಸಿಕ್ತು!" ತಂಗಿಯ ದನಿ ಖುಷಿಗೆ ನಡುಗುತ್ತಿತ್ತು. "ಇನ್ನು ಇರುವೆ ಕೊಡವಿಕೋ."

ಅಕ್ಕ ಕದಲಲಿಲ್ಲ.

"ಸುಮ್ನಿರೇ," ಎಂದಳು. "ಮೊದ್ಲು ಆ ಬಾಣಂತಿ ಆಚೆ ಸೇರ್ಲಿ."