ಅವ್ವ ಸಾರಿಸಿದ ನೆಲ

ಮೊಮ್ಮಕ್ಕಳೇ, ಸುಮಾ, ಮಂಜು, ಗಣಿ ಮುಚ್ಚಿ ಅದಿರಿನ ಲಾರಿಗಳು ನಿಂತ ಮೇಲೆ ಗೋವೆಯ ನಮ್ಮ ಈ ಕುಡಚಡೆ ಖಾಲಿಯಾಗುತ್ತಿದೆ; ಈ ಬೆಳಿಗ್ಗೆ ನೆಲ ಸಾರಿಸುವಾಗ ಸಗಣಿ, ಕೆಂಪು ಮಣ್ಣಿನ ವಾಸನೆಗೆ ನನ್ನ ಅವ್ವ ನೆನಪಾದಳು.

ಆಗ ನಾನು ಮಂಜುವಿನಷ್ಟು ಚಿಕ್ಕವಳಿದ್ದೆ. ಅವ್ವ ಬುಟ್ಟಿಯಲ್ಲಿ ಅದಿರು ಹೊತ್ತು ನದಿಯಲ್ಲಿ ನಿಂತ ಬಾರ್ಜಿಗೆ, ಆ ದೊಡ್ಡ ಸರಕು ದೋಣಿಗೆ, ತುಂಬುತ್ತಿದ್ದಳು. ಆಮೇಲೆ ತುಂಬುವ ಯಂತ್ರ ಬಂತು, ಹೊರುವವರು ಬೇಡವಾದರು. ಒಂದು ಮಧ್ಯಾಹ್ನ ಕೂಲಿಗಳ ಮೇಸ್ತ್ರಿಯಾದ ಮುಕಾದಮ ನಮ್ಮ ಗುಡಿಸಲುಗಳನ್ನು ಖಾಲಿ ಮಾಡಿಸಲು ಲಾರಿ ತಂದ. ಅಕ್ಕಪಕ್ಕದವರು ಗಂಟು ಕಟ್ಟಿಕೊಂಡು ಹತ್ತಿದರು. ಅವ್ವ ಮಾತ್ರ ಸೆರಗು ಸಿಕ್ಕಿಸಿ, ಅದಿರಿನ ಪುಡಿಯನ್ನು ಸಗಣಿಗೆ ಕಲಸಿ, ಒಳಗಿನಿಂದ ಹೊಸ್ತಿಲವರೆಗೆ ಸಾರಿಸಿದಳು.

“ಏನ್ ಮಾಡಾಕತ್ತಿ, ನಿಂಗವ್ವಾ? ಸಾಮಾನು ತಗಿ,” ಎಂದ ಮುಕಾದಮ.

“ನೆಲ ಹಸಿ ಐತ್ರಿ. ಒಳಗ ಕಾಲಿಡಬ್ಯಾಡ್ರಿ.”

“ಈ ಮಣ್ಣೂ ಮಾಲಕರದು!”

“ನನ್ನ ಎದಿಯಾಗೂ ಅವರ ಮಣ್ಣ ಐತ್ರಿ. ಕೆಮ್ಮಿ ಕೊಡ್ಲೇನು? ಬೊಗಸಿ ಹಿಡೀರಿ.”

ಲಾರಿಯ ಮೇಲಿದ್ದ ಹೆಂಗಸರು ನಕ್ಕರು. ಮುಕಾದಮನೂ ನಮ್ಮಂತೆ ಘಟ್ಟದ ಮೇಲಿನಿಂದ ದುಡಿಯಲು ಬಂದವನೇ; ಸಾರಿಸಿದ ನೆಲ ಒಣಗುವ ಮುಂಚೆ ತುಳಿಯುವುದು ನಮ್ಮ ಕಡೆ ತಪ್ಪು. ಅವನು ಹೊಸ್ತಿಲಾಚೆಯೇ ನಿಂತ. “ಒಣಗಲಿ, ನಾಳಿ ಬರ್ತೀನಿ,” ಎಂದು ಹೋದ.

ಮರುದಿನ ಬಂದಾಗಲೂ ಅವ್ವನ ಕೈಯಲ್ಲಿ ಸಗಣಿಯಿತ್ತು. ಅದರ ಮರುದಿನವೂ. ಕೊನೆಗೆ ಅವನೇ ಬರುವುದನ್ನು ಬಿಟ್ಟ. ಆ ಗುಡಿಸಲಿನ ಜಾಗದಲ್ಲೇ, ನಾನು ಈಗಲೂ ಇರುವ ಈ ಮನೆಯಲ್ಲೇ, ನಿಮ್ಮಪ್ಪ ಹುಟ್ಟಿದ್ದು.

ಈಗ ನನಗೂ ಎಲ್ಲರೂ ಘಟ್ಟದ ಮೇಲಿನ ನಮ್ಮ ಊರಿಗೆ ವಾಪಸು ಹೋಗು ಎನ್ನುತ್ತಾರೆ. ಅವ್ವನಂತೆ ಎದುರಾಡಲು ನನಗೆ ನಾಚಿಕೆ, ಅದಕ್ಕೆ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೇಳಿದವರಿಗೆ ಓದಿ ಹೇಳಿ. ನಾನಂತೂ ಇಲ್ಲಿಂದ ಏಳುವುದಿಲ್ಲ.